ಸೋತವರ ಪಂಚಾಂಗ

(ಓದುಗರ ಬಳಗವೊಂದರಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದುಕೊಂಡಿದ್ದು.)

ಏಪ್ರಿಲ್ ತಿಂಗಳ ನಾಲ್ಕನೇ ಸೋಮವಾರ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಸರ್ಕಾರಿ ಕಚೇರಿಗಳಿಗೆ ರಜೆ. ಹಂಟ್ಸ್‌ವಿಲ್‌ನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಗೊತ್ತಿಲ್ಲದೆ ಡ್ರೈವಿಂಗ್ ಲೈಸೆನ್ಸ್ ಕೆಲಸಕ್ಕೆ ಹೋದರೆ ಬಾಗಿಲು ಹಾಕಿರುತ್ತದೆ. ಯಾವ ಹಬ್ಬ ಇದು? ಕಾನ್ಫೆಡರೇಟ್ ಮೆಮೋರಿಯಲ್ ಡೇ. ನಾಲ್ಕೇ ವರ್ಷ ಬದುಕಿದ್ದು 1865ರಲ್ಲಿ ಸೋತುಹೋದ ಒಂದು ಸರ್ಕಾರದ ಸೈನಿಕರ ನೆನಪಿಗೆ, ಆ ಸರ್ಕಾರವನ್ನು ಸೋಲಿಸಿದ ದೇಶದೊಳಗಿನ ರಾಜ್ಯವೊಂದು ಇವತ್ತಿಗೂ ಸಂಬಳದ ರಜೆ ಕೊಡುತ್ತದೆ. ಗೆದ್ದವರು ಹಬ್ಬ ಮಾಡುವುದು ಎಲ್ಲಾ ಕಡೆ ಇದೆ. ಸೋತವರು ಇಷ್ಟು ಅಚ್ಚುಕಟ್ಟಾಗಿ, ತಿಂಗಳು ತಿಂಗಳಿಗೂ ಒಂದೊಂದು ಆಚರಣೆ ಇಟ್ಟುಕೊಂಡು, ನೂರೈವತ್ತು ವರ್ಷಕ್ಕಿಂತ ಜಾಸ್ತಿ ನಡೆಸಿಕೊಂಡು ಬಂದಿರುವುದು ಅಪರೂಪ. ಇವತ್ತು ನಾನು ಹೇಳಹೊರಟಿದ್ದು ಆ ಪಂಚಾಂಗದ ಬಗ್ಗೆ. ದೊಡ್ಡ ದೊಡ್ಡ ನಾಯಕರ ಬಗ್ಗೆ ಅಲ್ಲ, ಸಣ್ಣ ಊರುಗಳಲ್ಲಿ ಇಪ್ಪತ್ತು ಮೂವತ್ತು ಜನ ಸೇರಿ ಇದನ್ನು ನಡೆಸುವ ಸ್ಥಳೀಯ ಸಂಘಗಳ ಬಗ್ಗೆ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1860ರ ಕೊನೆಯಿಂದ 1861ರ ನಡುವೆ ಅಮೆರಿಕದ ದಕ್ಷಿಣದ 11 ರಾಜ್ಯಗಳು ಒಕ್ಕೂಟ ಬಿಟ್ಟು ತಮ್ಮದೇ ಕಾನ್ಫೆಡರಸಿ ಕಟ್ಟಿಕೊಂಡವು. ಆಗ ಆ ದೇಶದಲ್ಲಿ ಸುಮಾರು 40 ಲಕ್ಷ ಕಪ್ಪು ಜನ ಗುಲಾಮರಾಗಿದ್ದರು. ನಾಲ್ಕು ವರ್ಷ ಯುದ್ಧ ನಡೆಯಿತು. ಸತ್ತವರ ಲೆಕ್ಕ ಎರಡೂ ಕಡೆ ಸೇರಿ ಆರು ಲಕ್ಷ ಇಪ್ಪತ್ತು ಸಾವಿರ ಅಂತ ಹಿಂದೆ ಹೇಳುತ್ತಿದ್ದರು, ಈಗ ಏಳೂವರೆ ಲಕ್ಷದವರೆಗೂ ಇರಬಹುದು ಅನ್ನುತ್ತಾರೆ. ದಕ್ಷಿಣ ಸೋತಿತು, ಗುಲಾಮಗಿರಿ ಹೋಯಿತು. ಆಮೇಲೆ ಎರಡು ಸಂಘಗಳು ಹುಟ್ಟಿದವು. 1894ರ ಸೆಪ್ಟೆಂಬರ್ 10ರಂದು ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ಹೆಂಗಸರದ್ದು, ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ. ಇನ್ನು ಮೇಲೆ ಯುಡಿಸಿ ಅನ್ನುತ್ತೇನೆ. 1896ರ ಜುಲೈ 1ರಂದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಗಂಡಸರದ್ದು, ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್, ಅಂದರೆ ಎಸ್‌ಸಿವಿ. ಹೆಂಗಸರ ಸ್ಥಳೀಯ ಘಟಕಕ್ಕೆ ಚಾಪ್ಟರ್ ಅಂತಾರೆ, ಗಂಡಸರದ್ದಕ್ಕೆ ಕ್ಯಾಂಪ್. ಗಂಡಸರ ಕ್ಯಾಂಪಿಗೆ ಅಧ್ಯಕ್ಷ ಇರಲ್ಲ, ಕಮಾಂಡರ್ ಇರುತ್ತಾನೆ. ಹಗಲು ಇನ್ಶೂರೆನ್ಸ್ ಮಾರುವವನು ಸಂಜೆ ಕಮಾಂಡರ್.

ಸದಸ್ಯರಾಗೋದು ಸುಲಭ ಇಲ್ಲ. ದುಡ್ಡು ಕಟ್ಟಿದರೆ ಸಾಲದು, ವಂಶ ತೋರಿಸಬೇಕು. ನಿಮ್ಮ ಮುತ್ತಜ್ಜನ ಅಪ್ಪನೋ, ಅವನ ಅಣ್ಣತಮ್ಮನೋ ಕಾನ್ಫೆಡರೇಟ್ ಸೈನ್ಯದಲ್ಲಿದ್ದ ಅನ್ನುವುದಕ್ಕೆ ಕಾಗದ ಬೇಕು. ಅವನ ಹೆಸರು, ಯಾವ ರೆಜಿಮೆಂಟು, ಯಾವ ಕಂಪನಿ. ಅಲ್ಲಿಂದ ನಿಮ್ಮವರೆಗೆ ಪ್ರತಿ ತಲೆಮಾರಿನ ಜನನ, ಮದುವೆ, ಮರಣದ ದಾಖಲೆ. ಚಾಪ್ಟರಿನಲ್ಲಿ ಇದಕ್ಕೇ ಒಬ್ಬರು ಇರುತ್ತಾರೆ. ಸಾಮಾನ್ಯವಾಗಿ ನಿವೃತ್ತರಾದ ಟೀಚರಮ್ಮನೋ, ಲೈಬ್ರರಿಯಲ್ಲಿ ಕೆಲಸ ಮಾಡಿದವರೋ. ಹಾಜರಿ ಪಟ್ಟಿ, ದಕ್ಷಿಣದ ರಾಜ್ಯಗಳು ಮುದಿ ಸೈನಿಕರಿಗೆ ಕೊಟ್ಟ ಪಿಂಚಣಿ ಅರ್ಜಿ, ಹಳೇ ಬೈಬಲಿನ ಮೊದಲ ಪುಟದಲ್ಲಿ ಬರೆದಿಟ್ಟ ಮಕ್ಕಳ ಹುಟ್ಟಿದ ದಿನ, ಎಲ್ಲವನ್ನೂ ಹುಡುಕಿ ಜೋಡಿಸಿಕೊಡುತ್ತಾರೆ. ಚಳಿಗಾಲದಲ್ಲಿ ಹೊರಗೆ ಕಾರ್ಯಕ್ರಮ ಕಮ್ಮಿ, ಆಗ ಈ ಕೆಲಸ ಜೋರಾಗಿ ನಡೆಯುತ್ತದೆ. ಇದರಲ್ಲಿ ಅವರಿಗೆ ನಿಜವಾದ ಶ್ರದ್ಧೆ ಇದೆ. ಸುಮ್ನೆ ಬಾವುಟ ಹಿಡಿದು ಕೂಗುವ ಜನ ಅಂತ ಅಂದುಕೊಂಡು ಹೋದರೆ ನಿಮಗೆ ಅಲ್ಲಿ ಕಾಣುವುದು ಫೈಲು, ಕನ್ನಡಕ, ಜೆರಾಕ್ಸ್ ಪ್ರತಿ.

ಇಲ್ಲೊಂದು ಅಡ್ಡ ಮಾತು. ಈ ಯುದ್ಧ ತುಂಬಾ ಹಳೇದು ಅನಿಸುತ್ತದೆ ಅಲ್ವಾ? ನಾರ್ತ್ ಕೆರೊಲಿನಾದಲ್ಲಿ ಒಬ್ಬ ಅಜ್ಜಿ 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಅವರಿಗೆ ಆ ಯುದ್ಧದ ಪಿಂಚಣಿ ಬರುತ್ತಿತ್ತು, ತಿಂಗಳಿಗೆ 73 ಡಾಲರ್ 13 ಸೆಂಟ್. ಅವರ ತಂದೆ 1846ರಲ್ಲಿ ಹುಟ್ಟಿದವರು. ಮಗಳು ಹುಟ್ಟಿದಾಗ ಅವರಿಗೆ 83 ವರ್ಷ. ಇನ್ನೂ ಮಜಾ ಏನು ಅಂದರೆ, ಆತ ಮೊದಲು ಕಾನ್ಫೆಡರೇಟ್ ಸೈನ್ಯದಲ್ಲಿದ್ದು ಅಲ್ಲಿಂದ ತಪ್ಪಿಸಿಕೊಂಡು ಉತ್ತರದ ಸೈನ್ಯ ಸೇರಿದವನು. ಪಿಂಚಣಿ ಬಂದಿದ್ದು ಅದಕ್ಕೇ. ಹೀಗೆ ಪಕ್ಷ ಬದಲಿಸಿದವರು, ಓಡಿಹೋದವರು, ಬಲವಂತಕ್ಕೆ ಸೇರಿದವರು ದಕ್ಷಿಣದಲ್ಲಿ ಸಾವಿರಾರು ಜನ ಇದ್ದರು. ವಂಶವೃಕ್ಷದ ಅರ್ಜಿಯಲ್ಲಿ ಅವರಿಗೆ ಕಾಲಂ ಇಲ್ಲ. ಗೌರವದಿಂದ ಸೇವೆ ಮಾಡಿದ ಪೂರ್ವಜನೇ ಬೇಕು.

ಸರಿ, ಪಂಚಾಂಗಕ್ಕೆ ಬರೋಣ. ಶುರುವಾಗೋದು ಜನವರಿಯಲ್ಲಿ. ಕಾನ್ಫೆಡರೇಟ್ ಜನರಲ್ ರಾಬರ್ಟ್ ಇ. ಲೀ ಹುಟ್ಟಿದ್ದು 1807ರ ಜನವರಿ 19. ಅವನ ಬಲಗೈಯಂತಿದ್ದ ಸ್ಟೋನ್‌ವಾಲ್ ಜಾಕ್ಸನ್ ಹುಟ್ಟಿದ್ದು 1824ರ ಜನವರಿ 21. ಎರಡು ದಿನದ ಅಂತರ. ವರ್ಜೀನಿಯಾ 1889ರಲ್ಲಿ ಲೀ ಹುಟ್ಟುಹಬ್ಬಕ್ಕೆ ರಜೆ ಕೊಟ್ಟಿತು, 1904ರಲ್ಲಿ ಜಾಕ್ಸನ್‌ನನ್ನೂ ಸೇರಿಸಿತು. ಈಗ ನೋಡಿ ತಮಾಷೆ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು ಜನವರಿ 15. ಕಿಂಗ್ ಹೆಸರಲ್ಲಿ ರಜೆ ಕೊಡಲೇಬೇಕಾದ ಕಾಲ ಬಂದಾಗ, 1984ರಲ್ಲಿ, ವರ್ಜೀನಿಯಾದವರು ಮೂವರನ್ನೂ ಸೇರಿಸಿ ಲೀ-ಜಾಕ್ಸನ್-ಕಿಂಗ್ ಡೇ ಮಾಡಿಬಿಟ್ಟರು. ಗುಲಾಮಗಿರಿ ಉಳಿಸೋಕೆ ಹೋರಾಡಿದ ಸೈನ್ಯದ ಇಬ್ಬರು ಜನರಲ್‌ಗಳ ಪಕ್ಕದಲ್ಲಿ ಕಿಂಗ್! 2000ದಲ್ಲಿ ಬೇರೆ ಮಾಡಿದರು, 2020ರಲ್ಲಿ ಲೀ-ಜಾಕ್ಸನ್ ರಜೆಯನ್ನೇ ತೆಗೆದು ಚುನಾವಣೆಯ ದಿನಕ್ಕೆ ಕೊಟ್ಟರು. ಅಲಬಾಮಾ, ಮಿಸಿಸಿಪ್ಪಿಗಳಲ್ಲಿ ಈಗಲೂ ಜನವರಿಯ ಮೂರನೇ ಸೋಮವಾರ ಕಿಂಗ್ ಮತ್ತು ಲೀ ಇಬ್ಬರಿಗೂ ಒಂದೇ ರಜೆ. ಜಾರ್ಜಿಯಾದವರದು ಇನ್ನೂ ಜಾಣತನ. ಲೀ ಹುಟ್ಟಿದ್ದು ಜನವರಿಯಲ್ಲಾದರೂ ರಜೆ ಕೊಡುತ್ತಿದ್ದಿದ್ದು ನವೆಂಬರಿನಲ್ಲಿ, ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಶುಕ್ರವಾರ. ನಾಲ್ಕು ದಿನ ಒಟ್ಟಿಗೆ ರಜೆ ಸಿಕ್ಕಿತಲ್ಲ. ಹೆಚ್ಚಿನ ಜನಕ್ಕೆ ಅದು ಯಾರ ಹುಟ್ಟುಹಬ್ಬ ಅಂತಲೇ ಗೊತ್ತಿರಲಿಲ್ಲ, ಶಾಪಿಂಗ್‌ಗೆ ಹೋಗುತ್ತಿದ್ದರು.

ವರ್ಜೀನಿಯಾದ ಲೆಕ್ಸಿಂಗ್ಟನ್ ಅನ್ನುವ ಸಣ್ಣ ಊರಲ್ಲಿ ಇಬ್ಬರ ಸಮಾಧಿಯೂ ಇದೆ. ಜನವರಿಯ ಆ ವಾರ ಬೇರೆ ಬೇರೆ ಕ್ಯಾಂಪ್‌ಗಳು, ಚಾಪ್ಟರ್‌ಗಳು ಅಲ್ಲಿ ಸೇರುತ್ತವೆ. ಜಾಕ್ಸನ್ ಸಮಾಧಿಗೆ ಹೂವಿನ ಚಕ್ರ, ಭಾಷಣ, ಮುಖ್ಯ ರಸ್ತೆಯಲ್ಲಿ ಬಾವುಟಗಳ ಮೆರವಣಿಗೆ, ಮೈ ಕೊರೆಯುವ ಚಳಿಯಲ್ಲಿ ಕಾನ್ಫೆಡರೇಟ್ ಸೈನ್ಯದ ಉಣ್ಣೆಯ ಬೂದು ಯೂನಿಫಾರಂ. 2017ರಲ್ಲಿ ಊರಿನವರದೇ ಒಂದು ಗುಂಪು ಏನು ಮಾಡಿತು ಗೊತ್ತಾ? ಜಗಳ ಆಡಲಿಲ್ಲ. ಆ ಶನಿವಾರಕ್ಕೆ ತಾವೇ ಮೊದಲು ಹೋಗಿ ಮೆರವಣಿಗೆಯ ಪರ್ಮಿಟ್ ತೆಗೆದುಕೊಂಡು ಕಿಂಗ್ ಹೆಸರಿನ ಮೆರವಣಿಗೆ ನಡೆಸಿಬಿಟ್ಟಿತು. ಬಾವುಟದವರು ಬೇರೆ ದಿನ ನೋಡಿಕೊಳ್ಳಬೇಕಾಯಿತು. ದಿನ ಯಾರ ಕೈಯಲ್ಲಿದೆ ಅನ್ನುವುದೇ ಇಲ್ಲಿ ಎಲ್ಲಾ, ಅದನ್ನು ನೆನಪಿಟ್ಟುಕೊಳ್ಳಿ.

ಫೆಬ್ರವರಿ, ಮಾರ್ಚ್ ತಿಂಗಳು ಸ್ಮಶಾನ ಸ್ವಚ್ಛ ಮಾಡುವ ಕಾಲ. ಇದನ್ನು ನಾನು ಜಾರ್ಜಿಯಾದಲ್ಲಿ ಇದ್ದಾಗ ಹತ್ತಿರದಿಂದ ನೋಡಿದ್ದೇನೆ. ಶನಿವಾರ ಬೆಳಿಗ್ಗೆ ಪಿಕಪ್ ಟ್ರಕ್ಕುಗಳಲ್ಲಿ ಬರುತ್ತಾರೆ. ಬಕೆಟ್ಟು, ಮೆತ್ತನೆ ಬ್ರಷ್ಷು, ಸ್ಪ್ರೇ ಬಾಟಲಿ, ಕ್ಯಾನ್‌ಗಟ್ಟಲೆ ನೀರು. ಹೊಸಬರಿಗೆ ಮೊದಲ ಪಾಠ: ತಂತಿ ಬ್ರಷ್ ಬೇಡ, ಬ್ಲೀಚ್ ಬೇಡ, ಕಲ್ಲು ಹಾಳಾಗುತ್ತದೆ. ಕಲ್ಲನ್ನು ಮೊದಲು ಚೆನ್ನಾಗಿ ನೆನೆಸಿ, ಪಾಚಿ ಕೊಲ್ಲುವ ದ್ರಾವಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು. ಮೇಲಿನಿಂದ ಉಜ್ಜಿದರೆ ಕೊಳೆ ನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಬೀಳುತ್ತದೆ. ಕಪ್ಪಗಿದ್ದ ಕಲ್ಲು ನಿಧಾನಕ್ಕೆ ಬೆಳ್ಳಗಾಗುತ್ತಾ ಒಂದು ಹೆಸರು, ಕಂಪನಿಯ ಅಕ್ಷರ, ರೆಜಿಮೆಂಟಿನ ನಂಬರು, ರಾಜ್ಯದ ಹೆಸರು ಮೂಡುತ್ತದೆ.

ಈ ಕಲ್ಲುಗಳ ಆಕಾರ ಗಮನಿಸಿ. ಅಮೆರಿಕದ ಬೇರೆ ಸೈನಿಕರ ಕಲ್ಲಿನ ತಲೆ ದುಂಡಗೆ ಬಾಗಿರುತ್ತದೆ. ಕಾನ್ಫೆಡರೇಟ್ ಕಲ್ಲಿನ ತಲೆ ಚೂಪು. ಯಾಂಕಿಗಳು, ಅಂದರೆ ಉತ್ತರದವರು, ಬಂದು ಮೇಲೆ ಕೂರಬಾರದು ಅಂತ ಚೂಪು ಮಾಡಿದ್ದು ಅಂತ ಅಲ್ಲಿ ಎಲ್ಲರೂ ಜೋಕ್ ಹೇಳುತ್ತಾರೆ. ಮೊದಲ ಸಲ ಕೇಳುವವರ ಹಾಗೆ ನಗಬೇಕು, ಅದು ಮರ್ಯಾದೆ. ಆದರೆ ಈ ಚೂಪು ಕಲ್ಲು ಕೊಟ್ಟಿದ್ದು ಯಾರು? ಅಮೆರಿಕ ಸರ್ಕಾರವೇ. 1906ರಲ್ಲಿ ಉತ್ತರದ ಜೈಲುಗಳಲ್ಲಿ ಸತ್ತ ಕಾನ್ಫೆಡರೇಟ್ ಕೈದಿಗಳ ಗೋರಿಗೆ ಗುರುತು ಹಾಕುವ ಕಾನೂನು ಬಂತು, 1929ರಲ್ಲಿ ಖಾಸಗಿ ಸ್ಮಶಾನಗಳಲ್ಲಿರುವವರಿಗೂ ಕಲ್ಲು ಕೊಡಬಹುದು ಅಂತಾಯಿತು. ತಮ್ಮ ವಿರುದ್ಧ ದಂಗೆ ಎದ್ದವರ ಗೋರಿಗೆ ತೆರಿಗೆ ದುಡ್ಡಿನಲ್ಲಿ ಕಲ್ಲು. ಅದೇ ಹೊತ್ತಿಗೆ, ಅದೇ ಊರಿನ ಬೇಲಿ ಆಚೆ, ಗುಲಾಮರಾಗಿ ಬದುಕಿ ಸತ್ತವರ ಗೋರಿಗಳಿಗೆ ಹೆಸರೇ ಇಲ್ಲ. ಎಷ್ಟೋ ಕಡೆ ನೆಲ ಸ್ವಲ್ಪ ಕುಸಿದಿರುವುದೇ ಗುರುತು.

ಫೆಬ್ರವರಿ 18 ಇನ್ನೊಂದು ದಿನ. 1861ರಲ್ಲಿ ಅವತ್ತು ಜೆಫರ್ಸನ್ ಡೇವಿಸ್ ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಶಾಸನಭವನದ ಮುಂದೆ ನಿಂತು ಕಾನ್ಫೆಡರಸಿಯ ಅಧ್ಯಕ್ಷನಾದ. ಅವನು ನಿಂತ ಜಾಗದಲ್ಲಿ ಹಿತ್ತಾಳೆಯ ನಕ್ಷತ್ರ ಕೂರಿಸಿದ್ದಾರೆ. ಇದಕ್ಕೆ ಆಮೇಲೆ ಬರುತ್ತೇನೆ.

ಏಪ್ರಿಲ್ ಇಡೀ ಪಂಚಾಂಗದ ನಡು. ಮೆಮೋರಿಯಲ್ ಡೇ ಎಲ್ಲಾ ಕಡೆ ಒಂದೇ ದಿನ ಅಲ್ಲ. ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಏಪ್ರಿಲ್ 26. 1865ರಲ್ಲಿ ಅವತ್ತು ಜನರಲ್ ಜೋಸೆಫ್ ಜಾನ್ಸ್ಟನ್ ನಾರ್ತ್ ಕೆರೊಲಿನಾದಲ್ಲಿ ಉತ್ತರದ ಜನರಲ್ ಶರ್ಮನ್‌ಗೆ ಶರಣಾದ. ಎರಡೂ ಕೆರೊಲಿನಾಗಳಲ್ಲಿ ಮೇ 10. ಅದು 1863ರಲ್ಲಿ ಜಾಕ್ಸನ್ ಸತ್ತ ದಿನ, 1865ರಲ್ಲಿ ಡೇವಿಸ್ ಸಿಕ್ಕಿಬಿದ್ದ ದಿನವೂ ಹೌದು. ಟೆನೆಸಿಯಲ್ಲಿ ಜೂನ್ 3, ಡೇವಿಸ್ ಹುಟ್ಟುಹಬ್ಬ. ದಕ್ಷಿಣದಲ್ಲಿ ಹೂವು ಅರಳುವ ಕಾಲ ಜಾಗದಿಂದ ಜಾಗಕ್ಕೆ ಹಿಂದೆ ಮುಂದೆ ಆಗುತ್ತದಲ್ಲ, ಹೂವಿನ ಕಾಲಕ್ಕೂ ಈ ದಿನಗಳಿಗೂ ಹೊಂದಿಕೆಯಾಗುತ್ತದೆ.

ಇದನ್ನು ಶುರು ಮಾಡಿದ್ದು ಹೆಂಗಸರು. ಯುದ್ಧ ಮುಗಿದ ಮೇಲೆ ಸರ್ಕಾರ ಉತ್ತರದ ಸೈನಿಕರ ಹೆಣಗಳನ್ನು ಹುಡುಕಿ ತೆಗೆದು ರಾಷ್ಟ್ರೀಯ ಸ್ಮಶಾನಗಳಲ್ಲಿ ಹೂಳಿತು. ಸೋತವರ ಹೆಣಗಳನ್ನು ಕೇಳುವವರಿಲ್ಲ. ಹೊಲಗಳಲ್ಲಿ, ರಸ್ತೆ ಬದಿ, ಆಸ್ಪತ್ರೆಯ ಹಿತ್ತಲಲ್ಲಿ. 1866ರಲ್ಲಿ ಜಾರ್ಜಿಯಾದ ಕೊಲಂಬಸ್‌ನಲ್ಲಿ ಮೇರಿ ಆನ್ ವಿಲಿಯಮ್ಸ್ ಅನ್ನುವ ವಿಧವೆ, ಹೆಂಗಸರ ಸಂಘದ ಪರವಾಗಿ ದಕ್ಷಿಣದ ಪತ್ರಿಕೆಗಳಿಗೆಲ್ಲಾ ಕಾಗದ ಬರೆದರು: ವರ್ಷಕ್ಕೊಂದು ದಿನ ಗೋರಿಗಳಿಗೆ ಹೂವು ಇಡೋಣ. ಊರಲ್ಲಿ ಉತ್ತರದ ಸೈನ್ಯ ಕೂತಿತ್ತು. ಗಂಡಸರು ಹೀಗೆ ಸೇರಿದ್ದರೆ ದ್ರೋಹ ಆಗುತ್ತಿತ್ತು. ಹೆಂಗಸರು ಅತ್ತರೆ ಅದು ಅಳು ಅಷ್ಟೇ ಅಂತ ಬಿಟ್ಟರು. ಅಷ್ಟೇ ಆಗಿರಲಿಲ್ಲ. ರಿಚ್ಮಂಡ್‌ನ ಹಾಲಿವುಡ್ ಸ್ಮಶಾನದಲ್ಲಿ ಹೆಂಗಸರ ಸಂಘ 1869ರ ಹೊತ್ತಿಗೆ 90 ಅಡಿ ಎತ್ತರದ ಗ್ರಾನೈಟ್ ಪಿರಮಿಡ್ ಎಬ್ಬಿಸಿತ್ತು. ಆಮೇಲೆ ಉತ್ತರದ ಗೆಟ್ಟಿಸ್‌ಬರ್ಗ್ ರಣರಂಗದಿಂದ ಸಾವಿರಾರು ಜನರ ಮೂಳೆ ತರಿಸಿತು. ಓಟು ಹಾಕೋ ಹಕ್ಕಿಲ್ಲದ ಕಾಲದಲ್ಲಿ ಚಂದಾ ಎತ್ತಿ, ಗುತ್ತಿಗೆ ಕೊಟ್ಟು, ಸಾಗಿಸಿ, ಹೂಳಿಸಿದವರು ಇವರು. ಈ ಸಂಘಟನೆಯ ಶಕ್ತಿಯೇ ಮುಂದೆ ಯುಡಿಸಿ ಆಗಿದ್ದು.

ಆದರೆ ಮೇರಿ ಆನ್ ಬರೆದ ಆ ಕಾಗದಕ್ಕೂ ಒಂದು ವರ್ಷ ಮೊದಲು ಇನ್ನೊಂದು ನಡೆದಿತ್ತು. 1865ರ ಮೇ 1ರಂದು ಸೌತ್ ಕೆರೊಲಿನಾದ ಚಾರ್ಲ್ಸ್ಟನ್‌ನಲ್ಲಿ, ಆಗಷ್ಟೇ ಬಿಡುಗಡೆಯಾದ ಕಪ್ಪು ಜನ ಕುದುರೆ ರೇಸಿನ ಮೈದಾನಕ್ಕೆ ಮೆರವಣಿಗೆಯಲ್ಲಿ ಹೋದರು. ಯುದ್ಧದಲ್ಲಿ ಆ ಮೈದಾನ ಜೈಲಾಗಿತ್ತು. ಅಲ್ಲಿ ಸತ್ತ ಉತ್ತರದ 257 ಸೈನಿಕರನ್ನು ಒಂದೇ ಗುಂಡಿಗೆ ಹಾಕಿದ್ದರು. ಈ ಜನ ಅವರನ್ನು ತೆಗೆದು ಒಬ್ಬೊಬ್ಬರನ್ನಾಗಿ ಹೂತು, ಸುತ್ತ ಬೇಲಿ ಕಟ್ಟಿ, ಸುಮಾರು ಹತ್ತು ಸಾವಿರ ಜನ ಸೇರಿ ಹೂವು ಹಾಕಿದರು. ಶಾಲೆಯ ಮಕ್ಕಳು ಮುಂದೆ ಹಾಡುತ್ತಾ ನಡೆದರು. ಅಮೆರಿಕದ ಮೊದಲ ಮೆಮೋರಿಯಲ್ ಡೇ ಇದೇ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಇದು ಪಂಚಾಂಗಕ್ಕೆ ಸೇರಲೇ ಇಲ್ಲ. ಚಾರ್ಲ್ಸ್ಟನ್‌ನಲ್ಲೇ ಮರೆತುಹೋಗಿ, ನೂರು ವರ್ಷ ಕಳೆದ ಮೇಲೆ ಹಳೇ ಕಾಗದ ಪತ್ರಗಳಲ್ಲಿ ಸಿಕ್ಕಿತು.

ಈಗಿನ ಏಪ್ರಿಲ್ ಕಾರ್ಯಕ್ರಮ ಹೇಗಿರುತ್ತದೆ? ಮಧ್ಯಾಹ್ನ ಎರಡು ಗಂಟೆ ಅಂದುಕೊಳ್ಳಿ. ಸ್ಮಶಾನದ ಓಕ್ ಮರದ ಕೆಳಗೆ ಮಡಿಚುವ ಕುರ್ಚಿ. ವಯಸ್ಸಾದವರೇ ಜಾಸ್ತಿ. ಪ್ರತಿ ಗೋರಿಗೂ ಸಣ್ಣ ಬಾವುಟ ಹಿಂದಿನ ದಿನವೇ ನೆಟ್ಟಿರುತ್ತಾರೆ. ಮೈಕಿನಲ್ಲಿ ಪಾದ್ರಿಯ ಪ್ರಾರ್ಥನೆ. ಆಮೇಲೆ ಮೊದಲು ಅಮೆರಿಕದ ಬಾವುಟಕ್ಕೆ ಪ್ರತಿಜ್ಞೆ, ನಂತರ ಕಾನ್ಫೆಡರೇಟ್ ಬಾವುಟಕ್ಕೆ ವಂದನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಅವರಿಗೆ ಅದರಲ್ಲಿ ಏನೂ ತೊಡಕು ಕಾಣಲ್ಲ. ಒಬ್ಬರು ಆ ಸ್ಮಶಾನದಲ್ಲಿರುವವರ ಹೆಸರು ಓದುತ್ತಾರೆ. ಪ್ರತಿ ಹೆಸರಿಗೂ ಗಂಟೆ ಬಾರಿಸುತ್ತಾರೆ. ವಂಶದವರು ಇದ್ದರೆ ಎದ್ದು ಹೋಗಿ ಒಂದು ಹೂವು ಇಡುತ್ತಾರೆ. ಕಪ್ಪು ಗೌನು, ಮುಖಕ್ಕೆ ಕಪ್ಪು ಪರದೆ ಹಾಕಿಕೊಂಡು ಆ ಕಾಲದ ವಿಧವೆಯರ ವೇಷದಲ್ಲಿ ಕೆಲವು ಹೆಂಗಸರು. ಕೊನೆಗೆ ಬೂದು ಬಟ್ಟೆಯವರು ಹಳೇ ಮಾದರಿ ಕೋವಿಗಳಿಂದ ಮೂರು ಸುತ್ತು ಗುಂಡು ಹಾರಿಸುತ್ತಾರೆ. ಮದ್ದಿನ ಹೊಗೆ ದಟ್ಟ ಬಿಳಿ, ವಾಸನೆ ಬಟ್ಟೆಗೆ ಹಿಡಿಯುತ್ತದೆ. ಮಕ್ಕಳಿಗೆ ಇದೇ ಇಷ್ಟ. ಆಮೇಲೆ ಚರ್ಚಿನ ಹಾಲಿನಲ್ಲಿ ಫ್ರೈಡ್ ಚಿಕನ್ನು, ಡೆವಿಲ್ಡ್ ಎಗ್ಸು, ಪೀಕನ್ ಪೈ, ಸಕ್ಕರೆ ಸುರಿದ ಐಸ್ ಟೀ. ಹೊರಗಿನವನಾದ ನನ್ನನ್ನೂ ಕರೆದು ತಟ್ಟೆ ತುಂಬಿಸಿದರು. ಅವರ ಉಪಚಾರದಲ್ಲಿ ನಾಟಕ ಇರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ನಿಂತು ಮಾತಾಡುವ ಅಗತ್ಯ ಇರಲಿಲ್ಲ. ಸತ್ತವರಿಗೆ ಹೂವು ಹಾಕೋದು ತಪ್ಪು ಅಂತ ಯಾರು ಹೇಳುತ್ತಾರೆ? ಆದರೆ ಎಸ್‌ಸಿವಿ ಸಭೆಗಳಲ್ಲಿ ಹೇಳುವ ಆ ಬಾವುಟ ವಂದನೆಯನ್ನು ಸ್ವಲ್ಪ ಕೇಳಿಸಿಕೊಳ್ಳಿ. ಪ್ರೀತಿ, ಪೂಜ್ಯಭಾವ, ಮತ್ತು ಈ ಬಾವುಟ ಯಾವ ಧ್ಯೇಯಕ್ಕೆ ನಿಂತಿದೆಯೋ ಅದಕ್ಕೆ ಎಂದೂ ಸಾಯದ ನಿಷ್ಠೆ. ಯಾವ ಧ್ಯೇಯ? ಕೇಳಿದರೆ ರಾಜ್ಯಗಳ ಹಕ್ಕು ಅನ್ನುತ್ತಾರೆ. ಕಾನ್ಫೆಡರಸಿಯವರೇ ಬೇರೆ ಹೇಳಿದ್ದಾರೆ. ಒಕ್ಕೂಟ ಬಿಡುವಾಗ ಮಿಸಿಸಿಪ್ಪಿ ರಾಜ್ಯ ತನ್ನ ಘೋಷಣೆಯಲ್ಲಿ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿಯಾಗಿ ಸೇರಿಕೊಂಡಿದೆ ಅಂತ ಬರೆಯಿತು. ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನ್ನಾದಲ್ಲಿ ಭಾಷಣ ಮಾಡಿ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲೇ ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ ಅನ್ನುವುದು ಅಂದ. ಮಾರ್ಚ್ 21ಕ್ಕೆ ಯಾವ ಕ್ಯಾಂಪಿನಲ್ಲೂ ಕಾರ್ಯಕ್ರಮ ಇರುವುದನ್ನು ನಾನು ನೋಡಿಲ್ಲ.

ಇಲ್ಲಿ ನಮ್ಮ ಊರಿನ ಕಡೆಯ ಒಂದು ಎಳೆ ಇದೆ, ಹೇಳಿಬಿಡುತ್ತೇನೆ. ಈ ಗುಲಾಮಗಿರಿ ನಿಂತಿದ್ದು ಹತ್ತಿಯ ಮೇಲೆ. ಯುದ್ಧದಲ್ಲಿ ಉತ್ತರದ ನೌಕೆಗಳು ದಕ್ಷಿಣದ ಬಂದರು ಮುಚ್ಚಿದಾಗ ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳಿಗೆ ಹತ್ತಿ ಇಲ್ಲ. ಅವರು ಹುಡುಕಿಕೊಂಡು ಬಂದಿದ್ದು ಇಂಡಿಯಾಕ್ಕೆ. ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದಿಂದ ಬಂದ ಹತ್ತಿ ಬೆಳೆಯುತ್ತಿದ್ದರು, ಧಾರವಾಡ-ಅಮೆರಿಕನ್ ಅಂತಲೇ ಅದರ ಹೆಸರು. ಆ ನಾಲ್ಕು ವರ್ಷ ರೇಟು ಆಕಾಶಕ್ಕೆ ಹೋಯಿತು. 1865ರಲ್ಲಿ ಲೀ ಶರಣಾದ ಸುದ್ದಿ ಬಂದಿದ್ದೇ ತಡ, ಮುಂಬಯಿಯಲ್ಲಿ ಎಲ್ಲಾ ಕುಸಿಯಿತು. ಅಂದರೆ ಆ ಚೂಪು ಕಲ್ಲಿನವರು ಸೋತಿದ್ದಕ್ಕೆ ನಮ್ಮ ಕಡೆಯ ಹತ್ತಿ ವ್ಯಾಪಾರಿಗಳೂ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಹೀಗೇ ಇನ್ನೊಂದು ದೂರದ ಎಳೆ ಬ್ರೆಜಿಲ್. ಸೋತ ಮೇಲೆ ಸಾವಿರಾರು ದಕ್ಷಿಣದವರು ಅಲ್ಲಿಗೆ ವಲಸೆ ಹೋದರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ 1888ರವರೆಗೂ ಇತ್ತು ಅನ್ನುವುದು ನೆನಪಿರಲಿ. ಸಾವೊ ಪಾವ್ಲೊ ರಾಜ್ಯದ ಸಾಂಟಾ ಬಾರ್ಬರಾ ದೊಯೆಸ್ಟೆ ಊರಿನ ಹತ್ತಿರ ಅವರ ಸ್ಮಶಾನ ಇದೆ. ಅಲ್ಲಿ ಅವರ ವಂಶಸ್ಥರು ವರ್ಷಕ್ಕೊಮ್ಮೆ ಹಬ್ಬ ಮಾಡಿಕೊಂಡು ಬಂದರು. ಪೋರ್ಚುಗೀಸ್ ಮಾತಾಡುವ ಹುಡುಗಿಯರು ಅಗಲ ಲಂಗ ಹಾಕಿಕೊಂಡು ಕಾನ್ಫೆಡರೇಟ್ ಬಾವುಟ ಬಿಡಿಸಿದ ನೆಲದ ಮೇಲೆ ಕುಣಿಯುತ್ತಿದ್ದರು. ಅಲ್ಲೂ ಈಗ ಕಪ್ಪು ಜನರ ಸಂಘಟನೆಗಳು ಇದನ್ನು ಪ್ರಶ್ನೆ ಮಾಡಿವೆ.

ಬೇಸಿಗೆಗೆ ಬರೋಣ. ಜೂನ್ 3 ಡೇವಿಸ್ ಹುಟ್ಟುಹಬ್ಬ. ಅವನು ಹುಟ್ಟಿದ ಕೆಂಟಕಿಯ ಫೇರ್‌ವ್ಯೂನಲ್ಲಿ 351 ಅಡಿಯ ಸ್ತಂಭ ಇದೆ, ಸುತ್ತಲೂ ಬರೀ ಹೊಲ. ಅಲಬಾಮಾದಲ್ಲಿ ಜೂನ್ ಮೊದಲ ಸೋಮವಾರ ಅದಕ್ಕೂ ರಜೆ. ಬೇಸಿಗೆಯಲ್ಲಿ ಊರ ಸಂಘಗಳ ಕೆಲಸ ಕಮ್ಮಿ. ಬಿಸಿಲಿಗೆ ಉಣ್ಣೆ ಬಟ್ಟೆ ಹಾಕಿ ನಿಲ್ಲೋಕಾಗಲ್ಲ. ಎಸ್‌ಸಿವಿಯ ರಾಷ್ಟ್ರೀಯ ಸಮಾವೇಶ ಆಗುತ್ತದೆ, ಹೋಟೆಲು, ಎಸಿ ಹಾಲು, ಠರಾವು, ಚುನಾವಣೆ. ಎಲ್ಲಾ ಸಂಘಗಳ ಸಮಾವೇಶವೂ ಹೀಗೇ ಇರುತ್ತದೆ, ಬಿಡಿ.

ಬೇಸಿಗೆಯಲ್ಲಿ ಗಮನಿಸಬೇಕಾದದ್ದು ಮಕ್ಕಳನ್ನು. ಯುಡಿಸಿಗೆ ಮಕ್ಕಳ ವಿಭಾಗ ಇದೆ, ಚಿಲ್ಡ್ರನ್ ಆಫ್ ದಿ ಕಾನ್ಫೆಡರಸಿ. ಅವರಿಗೆ ಅಂತಲೇ ಪ್ರಶ್ನೋತ್ತರ ಪುಸ್ತಿಕೆಗಳನ್ನು ಬರೆದರು, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಬೇಕು. 1904ರ ಒಂದು ಪುಸ್ತಿಕೆಯಲ್ಲಿ ಪ್ರಶ್ನೆ: ಗುಲಾಮರನ್ನು ಹೇಗೆ ನೋಡಿಕೊಳ್ಳುತ್ತಿದ್ದರು? ಉತ್ತರ: ಹೆಚ್ಚುಕಮ್ಮಿ ಎಲ್ಲಾ ಕಡೆ ತುಂಬಾ ದಯೆಯಿಂದ, ಕಾಳಜಿಯಿಂದ. ಎಂಟು ವರ್ಷದ ಮಗು ಎದ್ದು ನಿಂತು ಇದನ್ನು ಹೇಳಿದರೆ ಅಜ್ಜಿಯರು ಚಪ್ಪಾಳೆ ತಟ್ಟುತ್ತಾರೆ. ಆ ಮಗು ಬೆಳೆದು 1950ರಲ್ಲಿ ಶಾಲಾ ಮಂಡಳಿಯಲ್ಲೋ, ಜ್ಯೂರಿಯಲ್ಲೋ ಕೂರುತ್ತದೆ. ನನಗೆ ಪ್ರತಿಮೆಗಳಿಗಿಂತ ಜಾಸ್ತಿ ಭಯ ಹುಟ್ಟಿಸುವುದು ಈ ಚಪ್ಪಾಳೆ.

ಶಾಲೆ ತೆರೆದ ಮೇಲೆ, ಆಗಸ್ಟ್‌ನಿಂದ ನವೆಂಬರ್‌ವರೆಗೆ, ಪ್ರಬಂಧ ಸ್ಪರ್ಧೆ, ವಿದ್ಯಾರ್ಥಿವೇತನ, ಲೈಬ್ರರಿಗೆ ಪುಸ್ತಕ ದಾನ. ಇದು ಒಳ್ಳೇ ಕೆಲಸದ ಹಾಗೆ ಕಾಣುತ್ತದೆ. ಆದರೆ ಯುಡಿಸಿಯ ಇತಿಹಾಸ ವಿಭಾಗ ನೋಡಿಕೊಳ್ಳುತ್ತಿದ್ದ ಮಿಲ್ಡ್ರೆಡ್ ರುದರ್‌ಫರ್ಡ್ ಅನ್ನುವ ಜಾರ್ಜಿಯಾದ ಶಿಕ್ಷಕಿ 1919ರ ಹೊತ್ತಿಗೆ ಪಠ್ಯಪುಸ್ತಕ ಅಳೆಯಲು ನಿಯಮಗಳ ಪಟ್ಟಿಯನ್ನೇ ಮಾಡಿದರು. ದಕ್ಷಿಣ ತನ್ನ ಗುಲಾಮರನ್ನು ಉಳಿಸಿಕೊಳ್ಳೋಕೆ ಹೋರಾಡಿತು ಅಂತ ಹೇಳುವ ಪುಸ್ತಕ ಬೇಡ. ಯಜಮಾನ ಕ್ರೂರಿ ಅನ್ನುವ ಪುಸ್ತಕ ಬೇಡ. ಲೈಬ್ರರಿಯಲ್ಲಿ ಆಗಲೇ ಇದ್ದರೆ ಅದರ ಮೇಲೆ ದಕ್ಷಿಣಕ್ಕೆ ಅನ್ಯಾಯ ಮಾಡಿದ ಪುಸ್ತಕ ಅಂತ ಬರೆಯಿರಿ. ಇದನ್ನು ಊರೂರಿನ ಚಾಪ್ಟರಿನವರು ತೆಗೆದುಕೊಂಡು ಹೋಗಿ ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟರು. ಹೆಡ್‌ಮಾಸ್ಟರ ಹೆಂಡತಿಯೂ ಚಾಪ್ಟರಿನ ಸದಸ್ಯೆಯೇ. ಪ್ರಕಾಶಕರು ದಕ್ಷಿಣದ ಮಾರುಕಟ್ಟೆ ಕಳೆದುಕೊಳ್ಳಲು ತಯಾರಿಲ್ಲದೆ ಬಗ್ಗಿದರು.

ಕೋರ್ಟು ಕಚೇರಿ ಮುಂದಿನ ಕಲ್ಲಿನ ಸೈನಿಕರೂ ಹೆಚ್ಚಾಗಿ ಇದೇ ಕಾಲದವು. ಯುದ್ಧ ಮುಗಿದ ಕೂಡಲೇ ಎದ್ದವಲ್ಲ, 1890ರಿಂದ 1920ರ ನಡುವೆ. ಕಪ್ಪು ಜನರ ಓಟಿನ ಹಕ್ಕು ಕಿತ್ತುಕೊಂಡ, ಎಲ್ಲದರಲ್ಲೂ ಬೇರೆ ಮಾಡಿದ ಕಾಲ ಅದು. ಕೇಕ್ ಮಾರಿ, ಊಟದ ಟಿಕೆಟ್ ಮಾರಿ ದುಡ್ಡು ಕೂಡಿಸಿದ್ದು ಚಾಪ್ಟರಿನ ಹೆಂಗಸರು. 1923ರಲ್ಲಿ ಇವರು ವಾಷಿಂಗ್ಟನ್‌ನಲ್ಲಿ ಬಿಳಿಯರ ಮಕ್ಕಳನ್ನು ಸಾಕಿದ ಕಪ್ಪು ದಾದಿಯರಿಗೂ ಒಂದು ಸ್ಮಾರಕ ಮಾಡುತ್ತೇವೆ ಅಂತ ಹೊರಟರು. ಸೆನೆಟ್ ಒಪ್ಪಿಯೂ ಬಿಟ್ಟಿತು. ಕಪ್ಪು ಪತ್ರಿಕೆಗಳು, ಕಪ್ಪು ಮಹಿಳೆಯರ ಸಂಘಗಳು ತಿರುಗಿಬಿದ್ದ ಮೇಲೆ ಅದು ಕೆಳಮನೆ ದಾಟಲಿಲ್ಲ. ಆ ದಾದಿಯರ ಸ್ವಂತ ಮಕ್ಕಳು ಎಲ್ಲಿದ್ದರು ಅಂತ ಸ್ಮಾರಕದವರು ಕೇಳಿರಲಿಲ್ಲ.

ಡಿಸೆಂಬರ್‌ನಲ್ಲಿ ಗೋರಿಗಳಿಗೆ ಹಸಿರು ಎಲೆಯ ಚಕ್ರ ಇಡುತ್ತಾರೆ, ಊಟ ಇಟ್ಟುಕೊಳ್ಳುತ್ತಾರೆ, ಊರಿನ ಕ್ರಿಸ್‌ಮಸ್ ಮೆರವಣಿಗೆಯಲ್ಲಿ ಒಂದು ಗಾಡಿ ಅಲಂಕರಿಸಿ ಬರುತ್ತಾರೆ. ಅಗ್ನಿಶಾಮಕದವರ ಗಾಡಿ, ಹೈಸ್ಕೂಲ್ ಬ್ಯಾಂಡು, ನಡುವೆ ಬೂದು ಬಟ್ಟೆಯವರು. ಎಷ್ಟೋ ವರ್ಷ ಯಾರೂ ಏನೂ ಅಂದಿರಲಿಲ್ಲ. ಅನ್ನಬೇಕಾದವರು ಅನ್ನುವ ಸ್ಥಿತಿಯಲ್ಲಿರಲಿಲ್ಲ ಅನ್ನುವುದು ಸರಿ. 2019ರಲ್ಲಿ ನಾರ್ತ್ ಕೆರೊಲಿನಾದ ಗಾರ್ನರ್ ಊರು ಎಸ್‌ಸಿವಿ ಗಾಡಿಯ ಮೇಲೆ ಗಲಾಟೆ ಆಗಬಹುದು ಅಂತ ಇಡೀ ಮೆರವಣಿಗೆಯನ್ನೇ ರದ್ದು ಮಾಡಿತು. ಮಕ್ಕಳಿಗೆ ಸಾಂಟಾ ಇಲ್ಲ.

2015ರ ಜೂನ್ 17ರಂದು ಚಾರ್ಲ್ಸ್ಟನ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಕಪ್ಪು ಜನರನ್ನು ಒಬ್ಬ ಬಿಳಿಯ ಹುಡುಗ ಗುಂಡಿಟ್ಟು ಕೊಂದ. ಅವನು ಆ ಬಾವುಟ ಹಿಡಿದ ಫೋಟೋಗಳು ಹೊರಬಂದವು. ಜುಲೈ 10ಕ್ಕೆ ಸೌತ್ ಕೆರೊಲಿನಾ ಶಾಸನಭವನದ ಆವರಣದಿಂದ ಬಾವುಟ ಇಳಿಯಿತು. ಜಾರ್ಜಿಯಾ ತನ್ನ ರಜಾ ಪಟ್ಟಿಯಲ್ಲಿ ಮೆಮೋರಿಯಲ್ ಡೇ, ಲೀ ಹುಟ್ಟುಹಬ್ಬ ಎರಡನ್ನೂ ಬರೀ ರಾಜ್ಯ ರಜೆ ಅಂತ ಮಾಡಿತು. ಹೆಸರು ಹೋಯಿತು, ರಜೆ ಉಳಿಯಿತು. ಸರ್ಕಾರಿ ನೌಕರರ ಪಂಚಾಂಗ ಎಲ್ಲಾ ದೇಶದಲ್ಲೂ ಒಂದೇ! ರಿಚ್ಮಂಡ್‌ನ ಲೀ ಪ್ರತಿಮೆ 2021ರ ಸೆಪ್ಟೆಂಬರ್ 8ರಂದು ಇಳಿಯಿತು. ಸರ್ಕಾರಿ ಜಾಗ ಕೈತಪ್ಪಿದ ಹಾಗೆ ಎಸ್‌ಸಿವಿಯವರು ಹೆದ್ದಾರಿ ಪಕ್ಕ ಖಾಸಗಿ ಜಮೀನು ಹಿಡಿದು ಭಾರೀ ಬಾವುಟ ಹಾರಿಸತೊಡಗಿದರು. ಊರಿನ ಚಾಪ್ಟರ್‌ಗಳಿಗೆ ಮಾತ್ರ ಇದಕ್ಕಿಂತ ದೊಡ್ಡ ತೊಂದರೆ ವಯಸ್ಸು. ಮೊಮ್ಮಕ್ಕಳು ಅಟ್ಲಾಂಟಾಕ್ಕೋ ಡಲ್ಲಾಸ್‌ಗೋ ಹೋಗಿದ್ದಾರೆ. ಶನಿವಾರ ಬಂದು ಕಲ್ಲು ಉಜ್ಜುವವರಿಲ್ಲ.

ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ: ಇದೆಲ್ಲಾ ಅಜ್ಜ ಅಜ್ಜಿಯರ ಮೇಲಿನ ಪ್ರೀತಿ, ಅದನ್ನೇಕೆ ಇಷ್ಟು ಕೆದಕಬೇಕು ಅಂತ. ಪ್ರೀತಿ ನಿಜ. ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಜನವರಿಯಿಂದ ಡಿಸೆಂಬರ್‌ವರೆಗೆ ಆ ದಿನಗಳನ್ನು ಸಾಲಾಗಿ ಬರೆದುಕೊಂಡು ನೋಡಿ. ಒಬ್ಬ ಜನರಲ್ ಹುಟ್ಟಿದ ದಿನ, ಇನ್ನೊಬ್ಬ ಸತ್ತ ದಿನ, ಅಧ್ಯಕ್ಷ ಸಿಕ್ಕಿಬಿದ್ದ ದಿನ, ಸೈನ್ಯ ಶರಣಾದ ದಿನ. ಅದೇ ಊರಲ್ಲಿ ಅದೇ ವರ್ಷ ಗುಲಾಮರಾಗಿದ್ದ ಜನ ಬಿಡುಗಡೆಯಾದ ದಿನ ಅದರಲ್ಲಿಲ್ಲ. ಆ ಜನವೂ ದಕ್ಷಿಣದವರೇ. ಎಷ್ಟೋ ಸಲ ಅದೇ ಅಜ್ಜನ ರಕ್ತವೂ ಹೌದು, ವಂಶವೃಕ್ಷದ ಕಾಗದದಲ್ಲಿ ಬರಲ್ಲ ಅಷ್ಟೇ. ಕೆದಕೋದು ನಾನಲ್ಲ, ಖಾಲಿ ಜಾಗ ಅವರೇ ಬಿಟ್ಟಿದ್ದು.

ಇನ್ನೊಂದು ಚೀಟಿ: ನಾವು ಹೋದರೆ ಬಿಡುತ್ತಾರಾ, ಎಲ್ಲಿ ಹೋಗಿ ನೋಡಬೇಕು? ಸ್ಮಶಾನದ ಕಾರ್ಯಕ್ರಮಗಳಿಗೆ ಯಾರು ಬೇಕಾದರೂ ಹೋಗಬಹುದು. ನನ್ನನ್ನು ಕೇಳಿದರೆ ಮಾಂಟ್ಗೊಮೆರಿಗೆ ಹೋಗಿ. ಶಾಸನಭವನದ ಮೆಟ್ಟಿಲ ಮೇಲೆ ಆಗ ಹೇಳಿದ ಹಿತ್ತಾಳೆ ನಕ್ಷತ್ರ ಇದೆ. ಅಲ್ಲಿಂದ ಇಳಿದರೆ ಕೂಗಳತೆಯಲ್ಲಿ ಕಿಂಗ್ ಪಾದ್ರಿಯಾಗಿದ್ದ ಕೆಂಪು ಇಟ್ಟಿಗೆಯ ಚರ್ಚು. 1965ರ ಮಾರ್ಚ್ 25ರಂದು ಕಪ್ಪು ಜನರ ಓಟಿನ ಹಕ್ಕಿಗಾಗಿ ಸೆಲ್ಮಾ ಊರಿನಿಂದ ನಡೆದು ಬಂದವರು ಸೇರಿದ್ದೂ ಇದೇ ಶಾಸನಭವನದ ಮುಂದೆ. ಆಮೇಲೆ ಊರಿನ ಇನ್ನೊಂದು ಗುಡ್ಡದ ಮೇಲೆ, ಬಿಳಿಯರ ಗುಂಪುಗಳು ನೇಣು ಹಾಕಿ, ಸುಟ್ಟು ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ಸ್ಮಾರಕ. ಉಕ್ಕಿನ ಕಂಬಗಳು ತೂಗುತ್ತಿವೆ, ಒಂದೊಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದೊಂದು, ಎಂಟುನೂರಕ್ಕೂ ಜಾಸ್ತಿ. ಅದನ್ನು ಸಾರ್ವಜನಿಕರಿಗೆ ತೆರೆದಿದ್ದು 2018ರಲ್ಲಿ, ಏಪ್ರಿಲ್ 26ನೇ ತಾರೀಕು. ಮೂರೂ ಒಂದೇ ದಿನದಲ್ಲಿ ನೋಡಬಹುದು. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಹೋಗಬೇಡಿ, ಬಿಸಿಲು ತಡೆಯೋಕಾಗಲ್ಲ.